ಯಾವ ಪದರದ ಚಿಪ್ಪು

“ವಾಪಸ್ ಹೋದ ಕೂಡಲೆ ತಿದ್ದಿ ಬರೀತೀನ್ರಿ, ಮನ್ಮಥಪ್ಪನವರ” ಎಂದು ಮೃದುಲಾ ಮಾತು ಕೊಟ್ಟು ಹತ್ತೊಂಬತ್ತು ವರ್ಷಗಳಾಗಿದ್ದವು. ಈಗ ನಾಶಿಕದ ರುದ್ರಭೂಮಿಯಲ್ಲಿ ಮನ್ಮಥಪ್ಪನವರ ಸಮಾಧಿಗೆ ಗುಂಡಿ ತೋಡುತ್ತಿದ್ದರು. ನಸುಕಿನ ಬಸ್ಸಿಗೆ ಸಂಭಾಜಿನಗರದಿಂದ ಬಂದಿದ್ದ ಮೃದುಲಾ ಗುಂಡಿಯ ಅಂಚಿನಲ್ಲಿ ನಿಂತು, ರೂಢಿಯಂತೆ ಮಣ್ಣಿನ ಪದರಗಳನ್ನೇ ನೋಡುತ್ತಿದ್ದಳು. ಮೊಳದಷ್ಟು ಕರಿಮಣ್ಣು, ಕೆಳಗೆಲ್ಲ ಗರಸು ಕಲ್ಲಿನ ಮುರುಮು.

ಮನ್ಮಥಪ್ಪ, ಮೃದುಲಾ ಸಂಶೋಧನೆ ಮಾಡಿದ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಮೂವತ್ತೊಂದು ವರ್ಷ ಜವಾನರಾಗಿದ್ದವರು. ಕಲ್ಲಿನಲ್ಲಿ ಹುದುಗಿದ ಚಿಪ್ಪನ್ನು ಎರಡು ಹೋಳೂ ಮುಕ್ಕಾಗದಂತೆ ಸೂಜಿಯಿಂದ ಬಿಡಿಸುವ ಕೈ ಅವರದು. ಪ್ರೊಫೆಸರರು ಪುಸ್ತಕ ತಿರುವುವ ಮೊದಲೇ ಅದರ ಜಾತಿ ಹೇಳಿಬಿಡುತ್ತಿದ್ದರು.

“ಅಣ್ಣಗ ಒಂದ ಚಿಂತಿ,” ಎಂದರು ತಂಗಿ ಜಗದೇವಿ. “ಪಿಂಪಳಗಾಂವ್‌ದಿಂದ ಉಳ್ಳಾಗಡ್ಡಿ ಚೀಲ ತಂದ್ರ, ಕೊಳತದ್ದು ಮ್ಯಾಲಿಂದೋ ತಳದ್ದೋ ಮೊದ್ಲ ಹೇಳ್ರಿ ಅಂತಿದ್ದ.”

“ಹೇಳೋ ತನಕಾ ಉಣ್ತಿರಲಿಲ್ಲ,” ಎಂದು ಹೆಂಡತಿ ಕಾಶಿಬಾಯಿ ಅಳುವಿನ ನಡುವೆಯೇ ನಕ್ಕರು.

*

ಹತ್ತೊಂಬತ್ತು ವರ್ಷಗಳ ಹಿಂದೆ, ನರ್ಮದಾ ಕಣಿವೆಯ ಇಳಿಜಾರಿನಲ್ಲಿ ಅಂದು ಹುಡುಕಾಟದ ಕಡೆಯ ದಿನ. ಮೃದುಲಾಳ ಪ್ರಬಂಧಕ್ಕೆ ಬೇಕಾಗಿದ್ದ ಚಿಪ್ಪು ಸಂಜೆಗೆ ಸಿಕ್ಕಿತು.

“ಕೆಳಗಿನ ಪದರದ್ದು ಅಂತ ಚೀಟಿ ಬರೀರಿ,” ಎಂದಳು.

ಮನ್ಮಥಪ್ಪ ಚಿಪ್ಪಿನ ಮೇಲೆ ಉಗುರಾಡಿಸಿದರು. “ಗೆರಿ ನೋಡ್ರಿ, ಎಷ್ಟು ಅಗಲ ಅವ. ಬೆಚ್ಚನ ನೀರಾಗ ಬೆಳದದ. ಇದು ಸಿಕ್ಕ ಪದರದ ವಯಸ್ಸೂ ಇದ ಹೇಳ್ತದ. ಖರೆ, ಪದರದಾಗ ಕುಂತಿದ್ರ ಮಾತ್ರ. ಇದು ಕಾಲಾಗ ಬಿದ್ದಿತ್ತು. ಮ್ಯಾಲಿಂದ ಉರುಳಿ ಬಂದಿದ್ರ?”

ತನ್ನ ಟಿಪ್ಪಣಿಯಲ್ಲಿ ‘ಕೆಳಗಿನ ಪದರ’ ಎಂದು ಬರೆದುಕೊಂಡಿದ್ದ ಅವಳು, ತಿದ್ದುವುದಾಗಿ ಮಾತು ಕೊಟ್ಟದ್ದು ಆಗಲೇ. ಆದರೆ ಪ್ರಬಂಧದಲ್ಲಿ ‘ಕೆಳಗಿನ ಪದರ’ ಎಂದೇ ಉಳಿಯಿತು. ಅದೇ ಚಿಪ್ಪಿನ ಆಧಾರದ ಮೇಲೆ ಆ ಕಲ್ಲಿಗೊಂದು ವಯಸ್ಸು ಬಂತು, ಆ ಕಾಲದ ಕಡಲು ಬೆಚ್ಚಗಿತ್ತು ಎಂದಾಯಿತು, ಅವಳಿಗೆ ನೌಕರಿಯೂ ಸಿಕ್ಕಿತು. ಮನ್ಮಥಪ್ಪ ಒಂದು ಸಲವೂ ಕೇಳಲಿಲ್ಲ. ಅವರು ನಿವೃತ್ತರಾದ ದಿನ, ಕಣ್ಣೆದುರಿನಿಂದ ಹೋದರೆ ಸಾಕೆಂದು, ಆ ಚಿಪ್ಪನ್ನು ಅವಳೇ ಅವರ ಕೈಗಿಟ್ಟಿದ್ದಳು.

*

ಸ್ವಾಮಿಗಳು ಬಿಲ್ವಪತ್ರೆ ಹಿಡಿದು ಕಾದಿದ್ದರು. ಮನ್ಮಥಪ್ಪನವರನ್ನು ಗುಂಡಿಯೊಳಗೆ ಪದ್ಮಾಸನದಲ್ಲಿ ಕೂರಿಸಿಯಾಗಿತ್ತು, ಅಂಗೈಯಲ್ಲಿ ಲಿಂಗ. ಮಗ ಶಿವಕಾಂತ ಸಣ್ಣದೊಂದು ಡಬ್ಬಿ ತಂದ.

“ಅಪ್ಪಾ ದಿನಾ ಇದನ್ನ ತಗದು ನೋಡ್ತಿದ್ರು. ಅವರ ಸಂಗಟನ ಇಡಮು ಅಂತ ಅವ್ವ ಅಂತಾಳ. ಚಾಲೇಲ್ ನಾ, ನಡೀತದಲ್ರಿ, ಮೇಡಮ್?”

ಮೃದುಲಾ ಮುಚ್ಚಳ ತೆಗೆದಳು. ಚಿಪ್ಪಿನ ಕೆಳಗೆ ಅವರ ದುಂಡನೆಯ ಅಕ್ಷರದ ಚೀಟಿ. ಸ್ಥಳ, ತಾರೀಖು, ಅವಳ ಹೆಸರು. ‘ಪದರ’ ಎಂಬುದರ ಮುಂದೆ ಖಾಲಿ. ‘ಹೂಂ’ ಎಂದರೆ ಸಾಕಿತ್ತು. ಮೇಲೆ ಉಪ್ಪು, ವಿಭೂತಿ, ಆಮೇಲೆ ಮಣ್ಣು.

“ಬ್ಯಾಡ್ರಿ,” ಎಂದಳು. “ಇದನ್ನ ಇಲ್ಲಿಟ್ರ, ಮುಂದ ಅಗದವರು ನಾಶಿಕದಾಗ ಸಮುದ್ರ ಇತ್ತು ಅಂತ ಬರೀತಾರ.”

“ಖರೇನ,” ಎಂದರು ಜಗದೇವಿ. “ಕುಂತಾವ ಎದ್ದು ನಿಂತು ಬೈತಾನ.”

ಮೃದುಲಾ ಕಾಶಿಬಾಯಿಯತ್ತ ತಿರುಗಿದಳು. “ನಾನೂ ಹಂಗ ತಪ್ಪು ಬರದೇನ್ರಿ. ಇದು ಪದರದಾಗ ಸಿಕ್ಕಿದ್ದಲ್ಲ. ಅವರಿಗೆ ಗೊತ್ತಿತ್ತು.”

“ನನಗೂ ಗೊತ್ತದರಿ. ಮೇಡಮ್ ಮಾತು ಕೊಟ್ಟಾರ, ಬರೀತಾರ ಅಂತಿದ್ರು.”

“ಯಾವಾಗ ಅಂದಿದ್ರು?”

“ಮೊನ್ನೆ ಐತವಾರನೂ ಅಂದ್ರು.”

ಮೃದುಲಾ ಅಗೆದು ಹಾಕಿದ ಮುರುಮಿನ ಗುಡ್ಡೆಯ ಮೇಲೆ ಕುಳಿತಳು. ಚೀಟಿಯನ್ನು ಮೊಣಕಾಲ ಮೇಲಿಟ್ಟು, ಖಾಲಿ ಬಿಟ್ಟಿದ್ದ ಜಾಗದಲ್ಲಿ ಪೆನ್ಸಿಲಿನಿಂದ ಬರೆದಳು: ‘ಗೊತ್ತಿಲ್ಲ. ಇಳಿಜಾರಿನ ಸಡಿಲ ಕಲ್ಲುಗಳಲ್ಲಿ ಸಿಕ್ಕಿದ್ದು.’ ಗುಂಡಿಗೆ ಮೊದಲ ಹಿಡಿ ಮಣ್ಣು ಬಿತ್ತು. ಅವಳು ಚೀಟಿಯನ್ನು ಮಡಚಿ ಚಿಪ್ಪಿನ ಕೆಳಗಿಟ್ಟು ಡಬ್ಬಿ ಮುಚ್ಚಿದಳು.

ಮರುವಾರ ತಿದ್ದುಪಡಿ ಅವಳ ಸಹಿಯೊಂದಿಗೆ, ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೆ ಹೋಯಿತು. ಕೊಟ್ಟ ಮಾತು ನಡೆಯಿತು.