ಜ್ವರ ಲಕೋಟೆಗಾಗಿ ಕಾಯುವುದಿಲ್ಲ

ಮಗುವಿಗೆ ಜ್ವರ ಬಂದರೆ ಅಂಗಾಲಿಗೆ ವಿನೆಗರ್ ತಿಕ್ಕಿ, ಅದರಲ್ಲೇ ಅದ್ದಿದ ಉಣ್ಣೆಯ ಕಾಲುಚೀಲ ತೊಡಿಸುವುದು ವಾಸ್ಲುಯಿ ಸೀಮೆಯ ಮನೆಮನೆಯ ಮದ್ದು. ಆ ಶನಿವಾರ ಬೆಳಿಗ್ಗೆ ಸಾವೇತಾಳ ಮನೆಯಲ್ಲಿಯೂ ಅದೇ ನಡೆದಿತ್ತು. ಆದರೆ ಅಲ್ಲಿ ಮಲಗಿದ್ದ ಮಗುವಿನ ಸ್ಥಿತಿ ಬೇರೆ. ಅವಳ ಆರು ವರ್ಷದ ಮಗಳು ರುಕ್ಸಾಂದಾಳಿಗೆ ರಕ್ತದ ಕ್ಯಾನ್ಸರ್. ಒಂಬತ್ತು ದಿನಗಳ ಹಿಂದೆಯಷ್ಟೇ ಯಾಶ್ ಪಟ್ಟಣದ ಆಸ್ಪತ್ರೆಯಲ್ಲಿ ನರಕ್ಕೆ ಔಷಧಿ ಹಾಕಿಸಿಕೊಂಡು, ಕೂದಲುದುರಿದ ತಲೆಗೆ ವಸ್ತ್ರ ಕಟ್ಟಿಕೊಂಡು ಊರಿಗೆ ಮರಳಿದ್ದಳು.

"ಬಿಡೇ, ಹಲ್ಲು ಬರೋವಾಗ್ಲೂ ಇವ್ಳಿಗೆ ಹಿಂಗೇ ಮೈ ಸುಡ್ತಿತ್ತು. ಸಂಜೆಗೆ ಎದ್ದು ಜೋಳದ ಗಂಜಿ ಕೇಳ್ತಾಳೆ ನೋಡು," ಎಂದಳು ಅತ್ತೆ ಝಂಫೀರಾ.

ಹೊರಗೆ ಬಿಸಿಲು ಕಾಯುತ್ತಿತ್ತು. ಒಳಗೆ ಮಗು "ಅಮ್ಮಾ, ಚಳಿ" ಎಂದು ಹಲ್ಲು ಕಟಕಟಿಸುತ್ತಿತ್ತು. ಸಾವೇತಾಳ ಗಂಡ ಪರರ ಕುರಿಮಂದೆಯ ಹಿಂದೆ ಗುಡ್ಡ ಸೇರಿದ್ದ. ಕೈಯಲ್ಲಿ ಬಸ್ಸಿಗಾಗುವಷ್ಟು ಹಣ ಮಾತ್ರವಿತ್ತು. ವೈದ್ಯರ ಜೇಬಿಗೆ ಲಂಚದ ಹಣದ ಲಕೋಟೆ ಸೇರದೆ ಅವರು ರೋಗಿಯ ಕಡೆ ಮುಖ ತಿರುಗಿಸುವುದಿಲ್ಲವೆಂದು ಅವಳು ಹುಟ್ಟಿದಾಗಿನಿಂದ ಕೇಳಿದ್ದಳು. ಸೋಮವಾರ ಸಂತೆ. ಎರಡು ಹೆಬ್ಬಾತು ಮಾರಿದರೆ ಲಕೋಟೆ ತುಂಬುತ್ತದೆ, ಆಮೇಲೆ ಹೊರಡುವುದು. ಹೀಗೆ ನಿಶ್ಚಯಿಸಿ, ಅವಳು ಅಂಗಳದಲ್ಲಿ ಹೆಬ್ಬಾತುಗಳನ್ನು ಹಿಡಿಯಲು ಅಟ್ಟತೊಡಗಿದಳು.

ಬೇಲಿಯಾಚೆ ಸೈಕಲ್ ನಿಂತಿತು. ಊರಿನ ದಾದಿ ಅಗ್ಲಾಯಾ.

"ಏನೇ ಸಾವೇತಾ, ಈಸ್ಟರ್ ಕಳ್ದು ತಿಂಗ್ಳಾಯ್ತು. ಈಗ್ಯಾರಿಗೇ ಔತಣ?"

"ಡಾಕ್ಟ್ರಿಗೆ ಅಕ್ಕಾ. ರುಕ್ಸಾಂದಾಗೆ ಜ್ವರ. ಸೋಮವಾರ ಇವನ್ನ ಮಾರ್ಕೊಂಡು..."

ಅಗ್ಲಾಯಾಳ ಮುಖದ ನಗೆ ಆರಿಹೋಯಿತು. ಸೈಕಲ್ಲನ್ನು ಅಲ್ಲೇ ಕೆಡವಿ ಒಳಗೆ ನುಗ್ಗಿ, ಮಗುವಿನ ಕಂಕುಳಲ್ಲಿ ಜ್ವರದ ಕಡ್ಡಿ ಇಟ್ಟಳು. ಮೂವತ್ತೆಂಟು ಪಾಯಿಂಟ್ ಏಳು ಡಿಗ್ರಿ ಸೆಲ್ಸಿಯಸ್, ಅಂದರೆ ಫ್ಯಾರನ್‌ಹೀಟ್‌ನಲ್ಲಿ ನೂರೊಂದು ದಾಟಿತ್ತು.

"ಯಾವಾಗಿಂದ?"

"ಹಾಲು ಕರಿಯೋ ಹೊತ್ತಿಂದ. ಐದು ಗಂಟೆ ಇರ್ಬೇಕು."

"ಈಗ ಹನ್ನೊಂದು ಕಣೇ! ಜ್ವರ ಬಂದ್ರೆ ಏನ್ಮಾಡ್ಬೇಕು ಅಂತ ಆಸ್ಪತ್ರೇಲಿ ಹೇಳ್ಲಿಲ್ವಾ?"

"ಹೇಳಿದ್ರು. ಬೇಗಬೇಗ ಹೇಳಿದ್ರು. ನಾನು ಹೂಂ ಅಂದೆ."

"ಅರ್ಥ ಆಯ್ತಾ?"

ಸಾವೇತಾ ನೆಲ ನೋಡಿದಳು. "ನನ್ ಬೂಟಲ್ಲೆಲ್ಲ ಕೆಸರಿತ್ತು ಅಕ್ಕಾ. ಆ ಹೊಳೆಯೋ ನೆಲದ್ಮೇಲೆ ನಿಂತು ಇನ್ನೊಂದ್ಸಲ ಹೇಳಿ ಅನ್ನೋಕೆ ಬಾಯೇ ಬರ್ಲಿಲ್ಲ. ಒಂದು ಕಾಗದ ಕೊಟ್ರು. ದೇವಮಾತೆ ಪಟದ ಹಿಂದೆ ಇಟ್ಟಿದೀನಿ. ಅವಳೇ ಕಾಯ್ಲಿ ಅಂತ."

ಆ ಮನೆಯಲ್ಲಿ ಅಮೂಲ್ಯವಾದುದೆಲ್ಲವೂ ಆ ಪವಿತ್ರ ಪಟದ ಹಿಂದೆಯೇ ಇರುತ್ತಿತ್ತು. ಅಗ್ಲಾಯಾ ಶಿಲುಬೆಯ ಗುರುತು ಮಾಡಿ ಕಾಗದವನ್ನು ಹೊರತೆಗೆದಳು. ಮಡಿಕೆ ಬಿಚ್ಚಿರಲೇ ಇಲ್ಲ. 'ಜ್ವರ ಮೂವತ್ತೆಂಟು ಮುಟ್ಟಿದರೆ ಹಗಲಿರುಳೆನ್ನದೆ ಕೂಡಲೇ ಕರೆ ಮಾಡಿ, ತಕ್ಷಣ ಬನ್ನಿ. ಮನೆಯಲ್ಲಿ ಕಾಯಬೇಡಿ.' ಕೆಳಗೆ ವೈದ್ಯರ ದೂರವಾಣಿ ಸಂಖ್ಯೆ.

"ದೇವಮಾತೆ ಕಾಯ್ತಾಳೆ ಕಣೇ. ಆದ್ರೆ ಕಾಗದ ನಾವೇ ಓದ್ಬೇಕು."

ಝಂಫೀರಾ ಬಾಗಿಲಿಗೆ ಅಡ್ಡ ನಿಂತಳು. "ಬರಿಗೈಲಿ ಹೋದ್ರೆ ಹೊರಗಡೆ ಬೆಂಚಲ್ಲೇ ಕೂರಿಸ್ತಾರೆ. ನನ್ ಗಂಡನ್ನ ಕೂರಿಸಿದ್ರು. ಅಲ್ಲಿಂದ ಏಳ್ಲೇ ಇಲ್ಲ ಅವ್ರು."

"ಅದು ಸುಳ್ಳು ಅನ್ನಲ್ಲ ಅಜ್ಜೀ. ಆ ನೋವು ನಿಮ್ಗೇ ಗೊತ್ತು. ಆದ್ರೆ ಮಕ್ಕಳ ಈ ಚಿಕಿತ್ಸೆ ಪುಕ್ಕಟೆ. ಲಕೋಟೆ ಕೇಳೋ ಹಕ್ಕು ಯಾರಿಗೂ ಇಲ್ಲ. ಕೇಳಿದ್ರೆ ನನ್ಗೆ ಹೇಳಿ, ನಾನು ದೂರು ಕೊಡ್ತೀನಿ. ಈ ಔಷಧಿ ಇದ್ಯಲ್ಲ, ಕೆಟ್ಟ ರಕ್ತದ ಜೊತೆ ರೋಗ ತಡೆಯೋ ಮೈಯ ಕಾವಲುಗಾರರನ್ನೂ ಹೊಡೆದು ಹಾಕುತ್ತೆ. ನಮ್ಗೆ ಬಂದ್ರೆ ಬರೀ ಜ್ವರ. ಇವ್ಳಿಗೆ ಬಂದ್ರೆ ಹುಲ್ಲಿನ ಮನೆಗೆ ಬೆಂಕಿ. ಹೆಬ್ಬಾತು ಮಾರೋ ತನಕ ಬೆಂಕಿ ಕಾಯುತ್ತಾ?"

ಮುದುಕಿ ಮೊಮ್ಮಗಳತ್ತ ತಿರುಗಿದಳು. ಮಗುವಿನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವಳು ಬಾಗಿಲು ಬಿಟ್ಟು ಸರಿದಳು, ಬಗ್ಗಿ ತನ್ನ ಕೈಯಿಂದಲೇ ಆ ಒದ್ದೆ ಕಾಲುಚೀಲಗಳನ್ನು ಕಳಚಿದಳು.

ಅಗ್ಲಾಯಾ ಮೊದಲು ತುರ್ತು ಸಂಖ್ಯೆ ನೂರ ಹನ್ನೆರಡಕ್ಕೆ, ಅನಂತರ ವೈದ್ಯರಿಗೆ ಕರೆ ಮಾಡಿದಳು. ಆಂಬುಲೆನ್ಸ್ ಬರಲು ನಲವತ್ತು ನಿಮಿಷ. ದಾರಿಯಲ್ಲಿ ಒಂದೂವರೆ ಗಂಟೆ. ಅಷ್ಟೂ ಹೊತ್ತು ಸಾವೇತಾ ಮಗುವಿನ ಎದೆಯ ಮೇಲೆ ಅಂಗೈಯಿಟ್ಟು, ಉಸಿರು ಏರುವುದನ್ನೂ ಇಳಿಯುವುದನ್ನೂ ಕಾದಳು. ಪ್ರತಿ ಸಲ ಇಳಿದಾಗಲೂ, ಮತ್ತೆ ಏರುವುದೋ ಇಲ್ಲವೋ ಎಂದು ಅವಳ ಉಸಿರೇ ನಿಲ್ಲುತ್ತಿತ್ತು.

ಆಸ್ಪತ್ರೆಯ ಬಾಗಿಲಲ್ಲೇ ವೈದ್ಯೆ ಕಾದಿದ್ದರು. ಸಾವೇತಾ ಬರಿಗೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಆ ಕೈಗಳನ್ನು ಯಾರೂ ನೋಡಲಿಲ್ಲ.

"ಜ್ವರ ಶುರುವಾಗಿದ್ದು ಎಷ್ಟು ಹೊತ್ತಿಗಮ್ಮ?"

"ಐದಕ್ಕೆ."

ವೈದ್ಯೆ ಬೈಯಲಿಲ್ಲ. ಗಡಿಯಾರ ನೋಡಿ, ಸೂಜಿ ಕೈಗೆತ್ತಿಕೊಂಡರು. ಬೈದಿದ್ದರೇ ಚೆನ್ನಾಗಿತ್ತೆನಿಸಿತು ಸಾವೇತಾಳಿಗೆ.

"ನನ್ ಮಗು ಬದುಕುತ್ತಾ ಡಾಕ್ಟ್ರಮ್ಮಾ?"

"ಇವತ್ತು ಹೇಳೋಕಾಗಲ್ಲ."

ಪಕ್ಕದ ಮಂಚದಲ್ಲಿ ಯಾಶ್‌ನ ವಕೀಲರೊಬ್ಬರ ಮಗ ಕುಳಿತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದ. ಅವನಿಗೂ ಅದೇ ಕಾಯಿಲೆ, ನಿನ್ನೆ ಅದೇ ಜ್ವರ. ಅವನ ತಾಯಿ ಪ್ರತಿಯೊಂದನ್ನೂ ಮೂರು ಸಲ ಕೇಳಿ ಬರೆದುಕೊಂಡಿದ್ದಳು, ಮನೆಮುಂದೆ ಕಾರಿತ್ತು, ಅರ್ಧ ಗಂಟೆಯಲ್ಲಿ ಮಗನನ್ನು ತಂದಿದ್ದಳು. ಇಬ್ಬರು ಮಕ್ಕಳಿಗೂ ಔಷಧಿ ಒಂದೇ. ರುಕ್ಸಾಂದಾ ಮಾತ್ರ ಇನ್ನೂ ಕಣ್ಣು ತೆರೆದಿರಲಿಲ್ಲ.

ಅವಳು ಕಣ್ಣು ತೆರೆದದ್ದು ಮೂರನೆಯ ದಿನ. ಜ್ವರ ಇಳಿದಿತ್ತು. ಕಾಯಿಲೆ ಇನ್ನೂ ಇದೆ, ಚಿಕಿತ್ಸೆ ಇನ್ನೂ ಎರಡು ವರ್ಷವಿದೆ, ಭಯವೂ ಇದೆ. ಊರಿನಿಂದ ಝಂಫೀರಾ ಫೋನಿನಲ್ಲಿ ಕೂಗಿದಳು: "ಆ ಕಾಗದ ನನ್ಗೂ ಓದಿ ಹೇಳೇ. ನನ್ಗೆ ಅಕ್ಷರ ಬಾರದಿದ್ರೇನು, ಪ್ರಾರ್ಥನೆ ಕಲ್ತಂಗೆ ಬಾಯಿಪಾಠ ಮಾಡ್ತೀನಿ."

ಓದುಗರೇ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು ನಿಮ್ಮ ಮನೆಯಲ್ಲಿದ್ದರೆ, ಜ್ವರ ಮೂವತ್ತೆಂಟು ಡಿಗ್ರಿ ಸೆಲ್ಸಿಯಸ್ (ಫ್ಯಾರನ್‌ಹೀಟ್‌ನಲ್ಲಿ 100.4) ಮುಟ್ಟಿದ ಕ್ಷಣವೇ ಕರೆ ಮಾಡಿ ಹೊರಡಿ. ಹಣ ಕೂಡಿಬರಲೆಂದು ಕಾಯಬೇಡಿ. ವೈದ್ಯರ ಮಾತು ತಿಳಿಯದಿದ್ದರೆ ತಿಳಿಯುವವರೆಗೂ ಕೇಳಿ. ಬಡತನಕ್ಕಾಗಿ ನಾಚಬೇಕಾದವರು ನೀವಲ್ಲ. ಅಂಥ ಮಗು ನೆರೆಮನೆಯಲ್ಲಿದ್ದರೆ, ಇಂದು ಸಂಜೆಯೇ ಹೋಗಿ ಆ ತಾಯಿಯೊಡನೆ ಕುಳಿತು, ಆಸ್ಪತ್ರೆ ಕೊಟ್ಟ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿ. ನಿಮ್ಮಲ್ಲಿ ವಾಹನವಿದ್ದರೆ, ಯಾವ ಹೊತ್ತಿನಲ್ಲಾದರೂ ಬಂದು ಎಬ್ಬಿಸುವಂತೆ ಅವಳಿಗೆ ಹೇಳಿ ಬನ್ನಿ.