ಯಜಮಾನರ ಹಗ್ಗದ ಮೇಲೆ ನಾಲ್ಕು ಪ್ಯಾಂಟು

ಸಂಜೆ ಐದು ಇಪ್ಪತ್ತು. ಗುಲಾಬಿ ತೋಟದ ಪಂಪ್‌ಮನೆಗೆ ಬೀಗ ಬಿತ್ತು.

“ಯಜಮಾನ್ರೇ, ಒಂದ್ ಬಕೆಟ್ ನೀರು ಬಿಡಿ. ಮೈ ತೊಳ್ಕೊಂಡು, ಬಟ್ಟೆ ಬದಲಾಯಿಸ್ಕೊಂಡು ಹೋಗ್ತೀನಿ.”

“ಯಾಕೋ ಬೋಳಿಮಗನೆ, ಇವತ್ತು ನಿನ್ ಮದುವೇನಾ?” ಯಜಮಾನ ಕೀಲಿಯನ್ನು ಜೇಬಿಗೆ ಹಾಕಿಕೊಂಡ. “ಔಷಧಿ ಹೊಡ್ದಿದ್ದು ಗಿಡಕ್ಕೆ. ನಿಂಗೇನೂ ಆಗಲ್ಲ, ನಡಿ.”

ಅದೇ ನಲ್ಲಿಯಲ್ಲಿ ಯಜಮಾನನ ಕಾರು ವಾರಕ್ಕೆ ಎರಡು ಸಲ ಮೀಯುತ್ತಿತ್ತು, ಸೋಪು ಹಚ್ಚಿಕೊಂಡು.

ಕೇಳಿದವನನ್ನು ನಾವು ಟ್ಯಾಂಕಣ್ಣ ಎನ್ನುತ್ತಿದ್ದೆವು. ಬೆನ್ನ ಮೇಲಿನ ಔಷಧಿ ಟ್ಯಾಂಕು ಇಳಿದದ್ದನ್ನು ನೋಡಿದವರು ಕಡಿಮೆ. ನಮ್ಮದು ತೋಟದ ಬೇಲಿಗೆ ಅಂಟಿದ ಒಂಬತ್ತು ಮನೆಗಳ ಸಾಲು. ಮನೆಗೊಂದೇ ಕೋಣೆ, ಅದರ ಹಿಂದಿನ ಮೂಲೆಯಲ್ಲಿ ಬಚ್ಚಲು. ಒಲೆ, ಹಾಸಿಗೆ, ಮಗು ಎಲ್ಲವನ್ನೂ ದಾಟಿಯೇ ಸ್ನಾನಕ್ಕೆ ಹೋಗಬೇಕು. ಟ್ಯಾಂಕಣ್ಣನ ಮಗಳಿಗೆ ಒಂದೂವರೆ ವರ್ಷ. ಅಪ್ಪ ಬಂದ ಕೂಡಲೇ ಓಡಿ ಅವನ ಕಾಲು ತಬ್ಬಿ ಕೆನ್ನೆ ಒತ್ತುವುದು ಅವಳ ಡ್ಯೂಟಿ. ಹದಿನೈದು ದಿನದಿಂದ ಆ ಕೆನ್ನೆಯಲ್ಲಿ, ಪ್ಯಾಂಟು ತಾಗುವ ಕಡೆ, ಕೆಂಪು ಗಂದೆ. ನರ್ಸ್ ಮುಲಾಮು ಕೊಟ್ಟು ಹೇಳಿದ್ದಳು: ಆ ಬಟ್ಟೆ ಹೊಸಿಲು ದಾಟಕೂಡದು.

ಅಂದು ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ಅಲ್ಲೇ ನಿಂತ್ಕೊಳ್ಳಿ. ಅಲ್ಲೇ ಬಿಚ್ಚಿ.”

“ಬೀದೀಲಾ? ಮಾನ ಮರ್ಯಾದೆ ಇಲ್ವೇನೇ?”

“ನಿಮ್ಮ ಕಡ್ಡಿಕಾಲು ನೋಡೋಕೆ ಯಾರೂ ಟಿಕೆಟ್ ತಗೊಂಡಿಲ್ಲ. ಬಿಚ್ಚಿ.”

ಪಕ್ಕದ ಮನೆಯ ಅಜ್ಜಿ ಎದ್ದು ಒಳಗೆ ಹೋದಳು. ಕನ್ನಡಕ ಹಾಕಿಕೊಂಡು ಮತ್ತೆ ಬಂದು ಕೂತಳು.

ಕುಡಿಯುವ ನೀರಿನಲ್ಲಿ ಎರಡು ಬಿಂದಿಗೆ ಅವನ ತಲೆಗೆ ಖರ್ಚಾಯಿತು. ಒಳಗೆ ಮಗು ಅಳುತ್ತಿತ್ತು.

“ಏನೂ ಆಗಲ್ವಂತೆ ಕಣೇ. ಯಜಮಾನ್ರೇ ಅಂದ್ರು.”

“ಹಾಗಂದ್ರಾ?”

ಅವಳು ಒಂದು ಕೋಲು ಹುಡುಕಿ, ಪ್ಯಾಂಟನ್ನು ಅದರ ತುದಿಯಲ್ಲಿ ಎತ್ತಿದಳು. ಸಾಲಿನಲ್ಲಿ ಔಷಧಿ ಹೊಡೆಯುವವರು ಇನ್ನೂ ಮೂವರಿದ್ದರು. ಅವರ ಹೆಂಡತಿಯರೂ ಕೋಲು ಹುಡುಕಿದರು.

ಯಜಮಾನನ ಅಂಗಳದ ಹಗ್ಗದಲ್ಲಿ ಅವನ ಮೊಮ್ಮಗಳ ಮೂರು ಫ್ರಾಕು ಒಣಗುತ್ತಿದ್ದವು. ಹೆಂಗಸರು ಇನ್ನೊಂದು ತುದಿಯಲ್ಲಿ, ಫ್ರಾಕಿಗೆ ತಾಗದಷ್ಟು ದೂರದಲ್ಲಿ, ನಾಲ್ಕು ಪ್ಯಾಂಟು ತೂಗುಹಾಕಿದರು.

ಯಜಮಾನ ಬರಿಗಾಲಲ್ಲಿ ಓಡಿಬಂದ. “ಏನ್ರೇ ಇದು? ತೆಗೀರಿ!”

“ಇರ್ಲಿ ಬಿಡಿ ಯಜಮಾನ್ರೇ, ನಮ್ಮನೇಲಿ ಜಾಗ ಇಲ್ಲ,” ಎಂದಳು ಟ್ಯಾಂಕಣ್ಣನ ಹೆಂಡತಿ. “ಏನೂ ಆಗಲ್ಲ ಅಂದ್ರಂತಲ್ಲ?”

“ನಾಲ್ವರನ್ನೂ ಕೆಲಸದಿಂದ ಕಿತ್ತಾಕ್ತೀನಿ!”

“ಹಾಕಿ. ನಾಳೆ ಟ್ಯಾಂಕು ನೀವೇ ಹೊರಿ, ಹದಿನಾರು ಲೀಟರು. ಸಂಜೆ ಹಾಗೇ ಬಂದು ಮೊಮ್ಮಗಳನ್ನ ಎತ್ಕೊಳ್ಳಿ.”

ಅಷ್ಟರಲ್ಲಿ ಯಜಮಾನಿ ಒಳಗಿನಿಂದ ಬಂದು, ಯಾರ ಮುಖವನ್ನೂ ನೋಡದೆ, ಮೂರು ಫ್ರಾಕನ್ನೂ ಹಗ್ಗದಿಂದ ಎಳೆದುಕೊಂಡು, ಒಂದನ್ನು ಮೂಸಿ ನೋಡಿ ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

“ಅಮ್ಮಾವ್ರಿಗೆ ಗೊತ್ತಿದೆ,” ಎಂದಳು ಅಜ್ಜಿ. ಅವಳು ಕನ್ನಡಕದ ಸಮೇತ ಬಂದಿದ್ದಳು.

ಮರುದಿನ ಐದು ಇಪ್ಪತ್ತಕ್ಕೆ ಪಂಪ್‌ಮನೆಗೆ ಬೀಗ ಬೀಳಲಿಲ್ಲ. ಸೋಪನ್ನು ಯಾರೂ ಕೊಡಲಿಲ್ಲ. ನಾಲ್ವರೂ ಕಾರಿನ ಸೋಪಿನಲ್ಲೇ ಮಿಂದು, ಬೇರೆ ಬಟ್ಟೆ ಹಾಕಿಕೊಂಡು ಬಂದರು. ಐದು ಐವತ್ತಕ್ಕೆ ಮಗು ಓಡಿಬಂದು ಅಪ್ಪನ ಕಾಲು ತಬ್ಬಿ ಕೆನ್ನೆ ಒತ್ತಿತು.