ಸ್ಪೆಷಲ್ ಕ್ಲಾಸಿನ ಬಾಗಿಲಲ್ಲಿ ಅವ್ವ

ಭಾನುವಾರ ಅವ್ವನನ್ನು ದಾವಣಗೆರೆಗೆ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದೇ ತಪ್ಪಾಯ್ತು. ಅದರಲ್ಲಿ ಪಿಯುಸಿ ಹುಡುಗಿ ಸ್ಪೆಷಲ್ ಕ್ಲಾಸ್ ಅಂತ ಸುಳ್ಳು ಹೇಳಿ ಹುಡುಗನ ಬೈಕ್ ಹತ್ತುತ್ತಾಳೆ.

ಸೋಮವಾರ ನನಗೆ ನಿಜವಾಗಿಯೂ ಕೆಮಿಸ್ಟ್ರಿ ಸ್ಪೆಷಲ್ ಕ್ಲಾಸ್ ಇತ್ತು. ನಮ್ಮೂರು ಹರಿಹರದಿಂದ ನನ್ನ ಜೊತೆಗೇ ಬಸ್ ಹತ್ತಿ ಕಾಲೇಜಿಗೆ ಬಂದ ಅವ್ವ, ಕ್ಲಾಸ್ ಮುಗಿಯೋತನಕ ಬಾಗಿಲಲ್ಲೇ ಕೂತಳು. ಹುಡುಗೀರೆಲ್ಲ ಕಿಸಕ್ಕನೆ ನಕ್ಕರು.

ವಾಪಸ್ ಬರುವಾಗ ಬಸ್‌ಸ್ಟ್ಯಾಂಡಲ್ಲೇ ಕೂಗಾಡಿದೆ. "ಆ ಹೀರೋಯಿನ್ನು ಟೀವಿ ಜಾಹೀರಾತಿನಾಗೆ ಎರಡು ಮಕ್ಕಳ ತಾಯಿ! ಅವಳು ಪಿಯುಸಿ ಹುಡುಗೀನಾ?"

"ಹರೇದ ಹುಡುಗೀರು ಹಂಗಿರೋದಕ್ಕೇ ಅಲ್ಲೇನೇ ಹಂಗೆ ಸಿನಿಮಾ ತೆಗ್ಯೋದು?" ಅಂದಳು ಅವ್ವ.

"ನನ್ನ ಹೆತ್ತಾಗಿಂದ ನೋಡ್ತಿದೀಯ. ಅವಳ್ನ ನೀನು ನೋಡಿದ್ದು ಒಂದೇ ಒಂದು ಸಿನಿಮಾದಾಗೆ. ನೀನು ನಂಬಿದ್ದು ಯಾರನ್ನವ್ವಾ?"